ಆಡುಮಾತಿನ ದಾಖಲೆ: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಕನ್ನಡವೂ ಕೇಳುವ ಯಂತ್ರವೂ

ಆಳಂದ ತಾಲೂಕಿನ ಎರೆಹೊಲಗಳ ನಡುವೆ ಹರಿದು ಬರುವ ಅಮರ್ಜಾ ನದಿಯು ಅಫಜಲಪುರ ತಾಲೂಕಿನ ಗಾಣಗಾಪುರದ ಹತ್ತಿರ ಭೀಮೆಯನ್ನು ಕೂಡಿಕೊಳ್ಳುತ್ತದೆ. ಕೂಡಿದ ಆ ನೀರು ಮುಂದೆ ಜೇವರ್ಗಿಯ ಸೀಮೆಯನ್ನು ಮುಟ್ಟಿ ಸಾಗುತ್ತದೆ. ಈ ಮೂರು ತಾಲೂಕುಗಳ ಜನರ ಮಾತಿಗೂ ಇಂತಹುದೇ ಸಂಗಮದ ಗುಣವುಂಟು. ಆಳಂದ ಹಾಗೂ ಅಫಜಲಪುರಗಳಿಗೆ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯು ಹತ್ತಿಕೊಂಡಿರುವುದರಿಂದ ಅಲ್ಲಿಯ ಸಂತೆಗಳಲ್ಲಿ ಮರಾಠಿಯು ಸಹಜವಾಗಿ ಬೆರೆಯುತ್ತದೆ. ಜೇವರ್ಗಿಯ ಪಶ್ಚಿಮದ ಹಳ್ಳಿಗಳು ಸಿಂದಗಿ ಸೀಮೆಯೊಡನೆ ಕೊಳುಕೊಡೆಯುಳ್ಳವು. ಪೇಟೆಗಳಲ್ಲಿ ದಖನಿ ಉರ್ದು, ತಾಂಡಾಗಳಲ್ಲಿ ಲಂಬಾಣಿ, ಇವೆಲ್ಲವುಗಳ ನಡುವೆ ಬಹುಮಟ್ಟಿಗೆ ಎಲ್ಲರೂ ಬಲ್ಲ ಕಲಬುರಗಿಯ ಕನ್ನಡ.

ಈ ಕನ್ನಡವನ್ನು ಮನುಷ್ಯರು ತಿಳಿಯುತ್ತಾರೆ. ಯಂತ್ರವು ತಿಳಿಯಬಲ್ಲುದೇ ಎಂಬ ಪ್ರಶ್ನೆಯು ಒಂದು ತಲೆಮಾರಿನ ಹಿಂದೆ ಕುಚೋದ್ಯವಾಗಿ ತೋರುತ್ತಿತ್ತು. ಇಂದು ಅದು ವ್ಯವಹಾರದ ಪ್ರಶ್ನೆಯಾಗಿದೆ. ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯ ಕುರಿತು ರೈತರು ಬಾಯಿಮಾತಿನಲ್ಲಿಯೇ ಕೇಳಿ ಉತ್ತರ ಪಡೆಯಬಹುದಾದ 'ಕಿಸಾನ್ ಇ-ಮಿತ್ರ' ಎಂಬ ವ್ಯವಸ್ಥೆಯು ೨೦೨೩ರಲ್ಲಿ ಆರಂಭವಾಯಿತು. ಭಾರತೀಯ ಭಾಷೆಗಳಲ್ಲಿ ಇಂಥ ಸೇವೆಗಳನ್ನು ರೂಪಿಸುವ ಸಲುವಾಗಿಯೇ ಕೇಂದ್ರ ಸರಕಾರವು ೨೦೨೨ರಲ್ಲಿ 'ಭಾಷಿಣಿ'ಯನ್ನು ಸ್ಥಾಪಿಸಿತು. ಬ್ಯಾಂಕು, ಆಸ್ಪತ್ರೆ, ಪಡಿತರ, ಪಹಣಿ ಮುಂತಾದ ಒಂದೊಂದು ವ್ಯವಹಾರವೂ ಮೆಲ್ಲಮೆಲ್ಲನೆ ಇದೇ ದಾರಿಗೆ ಬರುತ್ತಿದೆ. ೨೦೧೧ರ ಜನಗಣತಿಯಂತೆ ಕಲಬುರಗಿ ಜಿಲ್ಲೆಯ ಜನಸಂಖ್ಯೆ ೨೫.೬೬ ಲಕ್ಷ, ಅಕ್ಷರಸ್ಥರ ಪ್ರಮಾಣ ಶೇಕಡಾ ೬೪.೮೫. ಓದುಬರಹ ಬಲ್ಲವರು ಬೆರಳಿನಿಂದ ಒತ್ತಿ ಕೆಲಸ ಮುಗಿಸಿಕೊಳ್ಳಬಲ್ಲರು. ಮಾತನ್ನೇ ನಂಬಿ ಯಂತ್ರದ ಮುಂದೆ ನಿಲ್ಲಬೇಕಾದವರು ಉಳಿದವರು. ವಿಪರ್ಯಾಸವೆಂದರೆ, ಯಂತ್ರಕ್ಕೆ ಅತ್ಯಂತ ಕಡಿಮೆ ಅರ್ಥವಾಗುವುದು ಅವರ ಮಾತೇ.

ಹೀಗೇಕೆ ಎಂಬುದನ್ನು ತಿಳಿಯಲು ಯಂತ್ರವು ಕೇಳುವುದನ್ನು ಹೇಗೆ ಕಲಿಯುತ್ತದೆ ಎಂಬುದನ್ನು ಅರಿಯಬೇಕಾಗುತ್ತದೆ. ಮಗುವು ಭಾಷೆಯನ್ನು ತಾಯಿಯ ಮಡಿಲಲ್ಲಿ, ವಸ್ತುವನ್ನು ಕಾಣುತ್ತ, ಮುಖಭಾವವನ್ನು ಗಮನಿಸುತ್ತ ಕಲಿಯುತ್ತದೆ. ಗಣಕಯಂತ್ರಕ್ಕೆ ಆ ಸೌಭಾಗ್ಯವಿಲ್ಲ. ಅದಕ್ಕೆ ಒಂದು ಕಡೆ ಧ್ವನಿಯನ್ನೂ ಇನ್ನೊಂದು ಕಡೆ ಅದೇ ಮಾತಿನ ಬರಹವನ್ನೂ ಜೋಡಿಯಾಗಿ ಕೊಡಲಾಗುತ್ತದೆ. ಧ್ವನಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ ೧೬,೦೦೦ ಸಲ ಅಳೆದು ಅಂಕಿಗಳಾಗಿ ಮಾರ್ಪಡಿಸಲಾಗುತ್ತದೆ. ಆ ಅಂಕಿಗಳ ಏರಿಳಿತಕ್ಕೂ ಬರಹದ ಅಕ್ಷರಗಳಿಗೂ ಇರುವ ಸಂಬಂಧವನ್ನು ಯಂತ್ರವು ಲಕ್ಷಾಂತರ ಉದಾಹರಣೆಗಳಿಂದ ಊಹಿಸಿಕೊಳ್ಳುತ್ತ ಹೋಗುತ್ತದೆ. ಊಹೆ ತಪ್ಪಿದಾಗ ತಿದ್ದಿಕೊಳ್ಳುತ್ತದೆ, ಮತ್ತೆ ಊಹಿಸುತ್ತದೆ. ಕಲಿಕೆ ಮುಗಿದ ಮೇಲೆ ಹೊಸ ಧ್ವನಿಯೊಂದು ಬಂದಾಗ ತಾನು ಹಿಂದೆ ಕಂಡಿರುವ ರೂಪಗಳಲ್ಲಿ ಇದು ಯಾವುದನ್ನು ಹೆಚ್ಚು ಹೋಲುತ್ತದೆ ಎಂದು ನಿರ್ಣಯಿಸಿ ಅದನ್ನು ಬರೆಯುತ್ತದೆ. ಎಂದೂ ಕಂಡಿಲ್ಲದ ರೂಪವು ಎದುರಾದರೆ 'ತಿಳಿಯಲಿಲ್ಲ' ಎಂದು ಹೇಳುವ ವಿನಯವು ಅದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಹತ್ತಿರದ ಇನ್ನಾವುದೋ ಪದವನ್ನು ಧೈರ್ಯವಾಗಿ ಬರೆದುಬಿಡುತ್ತದೆ.

ಆದುದರಿಂದ ಎಷ್ಟು ಗಂಟೆಗಳ ಧ್ವನಿ, ಯಾರ ಧ್ವನಿ, ಯಾವ ಊರಿನ ಧ್ವನಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅಮೆರಿಕದ ಓಪನ್ ಎಐ ಸಂಸ್ಥೆಯು ೨೦೨೨ರಲ್ಲಿ 'ವಿಸ್ಪರ್' ಎಂಬ ಕೇಳುವ ಯಂತ್ರವನ್ನು ಪ್ರಕಟಿಸಿತು. ಅದಕ್ಕೆ ಉಣಿಸಿದ್ದ ಧ್ವನಿ ಒಟ್ಟು ೬,೮೦,೦೦೦ ಗಂಟೆ. ಅದರಲ್ಲಿ ಇಂಗ್ಲಿಷಿನ ಪಾಲು ನಾಲ್ಕು ಲಕ್ಷ ಗಂಟೆಗಳಿಗೂ ಹೆಚ್ಚು. ಕನ್ನಡದ ಧ್ವನಿಯನ್ನು ಕನ್ನಡ ಬರಹದೊಡನೆ ಜೋಡಿಸಿ ಕೊಟ್ಟದ್ದು ನಾಲ್ಕು ಗಂಟೆಗೂ ಕಡಿಮೆ! ೨೦೧೧ರ ಗಣತಿಯಂತೆ ೪.೩೭ ಕೋಟಿ ಜನರ ತಾಯಿನುಡಿಯಾದ, ೨೦೦೮ರಲ್ಲಿ ಶಾಸ್ತ್ರೀಯ ಸ್ಥಾನವನ್ನು ಪಡೆದ ಭಾಷೆಯ ಗತಿಯಿದು. ಭಾಷೆಯ ಪ್ರಾಚೀನತೆಯಾಗಲಿ ಆಡುವವರ ಸಂಖ್ಯೆಯಾಗಲಿ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಲಭ್ಯವಿರುವ ದಾಖಲೆಯೊಂದೇ ಲೆಕ್ಕಕ್ಕೆ ಬರುತ್ತದೆ. ಕನ್ನಡಕ್ಕೇ ಹೀಗಾದರೆ ಕಲಬುರಗಿಯ ಹಳ್ಳಿಗಳ ಕನ್ನಡದ ಪಾಡನ್ನು ವಾಚಕರೇ ಊಹಿಸಬಹುದು.

ದಾಖಲೆಯಿಂದ ಹೊರಗುಳಿಯುವುದು ಈ ಸೀಮೆಗೆ ಹೊಸದೇನಲ್ಲ. ಜಾರ್ಜ್ ಗ್ರಿಯರ್ಸನ್ ಅವರ ನೇತೃತ್ವದಲ್ಲಿ ನಡೆದ ಭಾರತದ ಭಾಷಾ ಸಮೀಕ್ಷೆಯ ಸಂಪುಟಗಳು ೧೯೦೩ರಿಂದ ೧೯೨೮ರವರೆಗೆ ಪ್ರಕಟವಾದವು. ಬೈಬಲಿನ ದಾರಿತಪ್ಪಿದ ಮಗನ ಕಥೆಯನ್ನು ಊರೂರಿನ ಆಡುಮಾತಿನಲ್ಲಿ ಹೇಳಿಸಿ ಬರೆಸಿಕೊಳ್ಳುವುದು ಆ ಸಮೀಕ್ಷೆಯ ಒಂದು ಕ್ರಮವಾಗಿತ್ತು. ದ್ರಾವಿಡ ಭಾಷೆಗಳನ್ನೊಳಗೊಂಡ ನಾಲ್ಕನೆಯ ಸಂಪುಟ ೧೯೦೬ರಲ್ಲಿ ಹೊರಬಂದಿತು. ಆದರೆ ಮದರಾಸು ಪ್ರಾಂತ, ಮೈಸೂರು ಸಂಸ್ಥಾನ ಮತ್ತು ನಿಜಾಮರ ಹೈದರಾಬಾದು ಸಂಸ್ಥಾನಗಳು ಸಮೀಕ್ಷೆಯ ವ್ಯಾಪ್ತಿಗೆ ಸೇರಿರಲಿಲ್ಲ. ಗುಲಬರ್ಗಾ ಜಿಲ್ಲೆಯು ಆಗ ಹೈದರಾಬಾದಿಗೆ ಸೇರಿದ್ದುದರಿಂದ ಮುಂಬಯಿ ಪ್ರಾಂತದ ಕನ್ನಡಕ್ಕೆ ದೊರೆತ ಸ್ಥಾನವು ಭೀಮೆಯ ಈ ಬದಿಯ ಕನ್ನಡಕ್ಕೆ ದೊರೆಯಲಿಲ್ಲ. ಸ್ವಾತಂತ್ರ್ಯಾನಂತರ ಪುಣೆಯ ಡೆಕ್ಕನ್ ಕಾಲೇಜು ಕನ್ನಡದ ಪ್ರಾದೇಶಿಕ ಪ್ರಭೇದಗಳ ಅಧ್ಯಯನವನ್ನು ಕೈಗೊಂಡಿತು. ಆ ಮಾಲೆಯಲ್ಲಿ ಆರ್. ಮಹಾದೇವನ್ ಅವರು ಗುಲಬರ್ಗಾ ಕನ್ನಡದ ಧ್ವನಿವಿಚಾರ ಹಾಗೂ ಪದಸಂಪತ್ತನ್ನು ಕುರಿತು ಬರೆದ ಗ್ರಂಥವು ೧೯೬೮ರಲ್ಲಿ ಪ್ರಕಟವಾಯಿತು. ವಿದ್ವಾಂಸರಿಗೆ ಅದು ಬೆಲೆಯುಳ್ಳ ಕೃತಿ. ಯಂತ್ರಕ್ಕಾದರೋ ಪುಸ್ತಕದಲ್ಲಿ ಅಚ್ಚಾದ ಉಚ್ಚಾರಣಾ ಚಿಹ್ನೆಗಳು ಸಾಲವು. ಅದಕ್ಕೆ ಬೇಕಾದುದು ಜೀವಂತ ಧ್ವನಿ.

ಧ್ವನಿಯಲ್ಲಿಯೇ ಉಳಿದು ಬಂದ ಸಂಪತ್ತು ಈ ಭಾಗಕ್ಕೆ ಅಪರಿಚಿತವೂ ಅಲ್ಲ. ಹಿಂದೆ ಜೇವರ್ಗಿ ತಾಲೂಕಿನಲ್ಲಿದ್ದು ಈಗ ಯಡ್ರಾಮಿಗೆ ಸೇರಿರುವ ಕಡಕೋಳದ ಮಡಿವಾಳಪ್ಪನವರ ತತ್ವಪದಗಳನ್ನು ಅಚ್ಚಿನ ಪುಸ್ತಕಕ್ಕಿಂತ ಬಹುಪೂರ್ವದಿಂದಲೂ ಕಾಪಾಡಿಕೊಂಡು ಬಂದವರು ಭಜನೆಯ ಮೇಳದವರು. ಕಂಠವೇ ಅವರ ಕಡತವಾಗಿತ್ತು.

ಇನ್ನು ಈ ಸೀಮೆಯ ಕನ್ನಡದಲ್ಲಿ ಯಂತ್ರವನ್ನು ಮುಗ್ಗರಿಸುವಂಥದು ಏನಿದೆ ಎಂಬುದನ್ನು ತುಸು ವಿವರವಾಗಿ ನೋಡಬಹುದು. ಗ್ರಂಥಸ್ಥ ಕನ್ನಡದ ಮನೆ, ಮಳೆ, ಬೆಳೆಗಳು ಇಲ್ಲಿ ಮನಿ, ಮಳಿ, ಬೆಳಿ ಆಗುತ್ತವೆ. ಇದು ಉತ್ತರ ಕರ್ನಾಟಕಕ್ಕೆಲ್ಲ ಸಾಮಾನ್ಯ. 'ಇದೆ' ಎಂಬುದಕ್ಕೆ ವಿಜಯಪುರ, ಬೆಳಗಾವಿಗಳ ಕಡೆ 'ಐತಿ' ಎಂದರೆ ಕಲಬುರಗಿಯವರು 'ಅದ' ಎನ್ನುತ್ತಾರೆ. ಬರಹದ ಕನ್ನಡವನ್ನೇ ಕಂಡ ಯಂತ್ರವು ಈ 'ಅದ'ವನ್ನು 'ಅದು' ಎಂದೋ 'ಅದೇ' ಎಂದೋ ಬರೆದರೆ ಅದರ ಮೇಲೆ ಸಿಟ್ಟಾಗಿ ಫಲವಿಲ್ಲ. ಎಲ್ಲಕ್ಕಿಂತ ವಿಶಿಷ್ಟವಾದುದು ನಡೆಯುತ್ತಿರುವ ಕ್ರಿಯೆಯನ್ನು ಹೇಳುವ ರೀತಿ. ಮೈಸೂರಿನ ಕಡೆಯವರು 'ಮಾಡ್ತಾ ಇದ್ದಾನೆ' ಎಂದರೆ ಧಾರವಾಡದ ಕಡೆ 'ಮಾಡಾಕತ್ತಾನ' ಎನ್ನುವರು, ಕಲಬುರಗಿಯಲ್ಲಿ 'ಮಾಡ್ಲತ್ತಾನ'. ಮಾಡಲು ಹತ್ತಿದ್ದಾನೆ ಎಂಬ ಎರಡು ಮೂರು ಪದಗಳು ಶತಮಾನಗಳ ಬಳಕೆಯಲ್ಲಿ ಸವೆದು ಒಂದಾಗಿ, 'ಲತ್ತ' ಎಂಬ ಸಣ್ಣ ಕೊಂಡಿಯಾಗಿ ಉಳಿದಿವೆ. ಬರ್ಲತ್ತಾರ, ಹೋಗ್ಲತ್ತೀನಿ, ಉಣ್ಣಲತ್ತೀವಿ ಎಂದು ಈ ಕೊಂಡಿಯು ದಿನಕ್ಕೆ ನೂರಾರು ಸಲ ಬಾಯಿಗೆ ಬರುತ್ತದೆ. ಪಠ್ಯಪುಸ್ತಕದಲ್ಲಾಗಲಿ ವೃತ್ತಪತ್ರಿಕೆಯಲ್ಲಾಗಲಿ ಇದು ಕಾಣಿಸಿಕೊಳ್ಳುವುದು ತೀರ ವಿರಳ. ಇದಕ್ಕೆ ದಫ್ತರ, ದವಾಖಾನಿ, ಖಬರು, ತಕರಾರು, ಜಲ್ದಿ ಮೊದಲಾಗಿ ನಿಜಾಮರ ಆಳ್ವಿಕೆಯ ಕಾಲದಿಂದ ಊರಿನ ಮಾತಿನಲ್ಲಿ ಬೇರೂರಿದ ಪದಗಳನ್ನು ಸೇರಿಸಿಕೊಳ್ಳಬೇಕು.

ಉದಾಹರಣೆಗೆ, ತೊಗರಿಯನ್ನೇ ತೆಗೆದುಕೊಳ್ಳಬಹುದು. ೨೦೧೯ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆಯನ್ನು ಪಡೆದ ಕಲಬುರಗಿ ತೊಗರಿಗೆ ನೆಟೆ ರೋಗವು ದೊಡ್ಡ ಶತ್ರು. ನಿಂತ ಬೆಳೆಯು ನಿಂತಂತೆಯೇ ಬಾಡಿ ಒಣಗಿ ಹೋಗುತ್ತದೆ. ರೈತನೊಬ್ಬನು 'ತೊಗರಿ ನಿಂತಲ್ಲೇ ಒಣಗ್ಲತ್ತದ, ಏನ್ ಹೊಡಿಬೇಕು' ಎಂದು ಫೋನಿನಲ್ಲಿ ಕೇಳಿದನೆನ್ನಿ. ಇದರಲ್ಲಿ ಪ್ರಶ್ನೆಯ ಜೀವಾಳವಾದ ಪದವು 'ಒಣಗ್ಲತ್ತದ' ಎಂಬುದು. ಯಂತ್ರವು ಆ ಒಂದು ಪದವನ್ನು ತಪ್ಪಿ ಬರೆದರೆ, ಉಳಿದ ಪದಗಳೆಲ್ಲ ಸರಿಯಾಗಿದ್ದರೂ, ಉತ್ತರವು ಬೇರೆ ಯಾವುದೋ ಕೀಟದ ಔಷಧವನ್ನು ಸೂಚಿಸಬಹುದು. ಔಷಧಕ್ಕೆ ರೊಕ್ಕ ಹೋಗುತ್ತದೆ, ಬೆಳೆಯೂ ಹೋಗುತ್ತದೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇಂಥ ಯಂತ್ರಗಳ ಯೋಗ್ಯತೆಯನ್ನು ನೂರು ಪದಗಳಲ್ಲಿ ಎಷ್ಟು ತಪ್ಪಾದವು ಎಂಬ ಲೆಕ್ಕದಿಂದ ಅಳೆಯುವುದು ವಾಡಿಕೆ. ಇಂಗ್ಲಿಷಿನಲ್ಲಿ ನಾಲ್ಕೈದು ಪದಗಳಾಗಿ ಹರಡಿಕೊಳ್ಳುವ ಅರ್ಥವು ಕನ್ನಡದಲ್ಲಿ ಒಂದೇ ಪದಕ್ಕೆ ಪ್ರತ್ಯಯಗಳಾಗಿ ಅಂಟಿಕೊಂಡಿರುತ್ತದೆ. ಹಾಗಾಗಿ ಒಂದು ಸಣ್ಣ ಪ್ರತ್ಯಯದ ತಪ್ಪಿಗೂ ಇಡೀ ಪದವನ್ನೇ ತೆರಬೇಕಾಗುತ್ತದೆ. ಬೇರೆ ಭಾಷೆಯ ಅಂಕಗಳೊಡನೆ ಕನ್ನಡದ ಅಂಕಗಳನ್ನು ಹೋಲಿಸಿ ಕೊರಗುವವರು ಇದನ್ನು ನೆನಪಿಡುವುದು ಒಳಿತು.

ಈ ಕೊರತೆಯನ್ನು ತುಂಬುವ ಪ್ರಯತ್ನಗಳು ಕರ್ನಾಟಕದಲ್ಲಿಯೇ ನಡೆದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಮೈಲ್' ಪ್ರಯೋಗಾಲಯವು ೯೧೫ ಜನರಿಂದ ಓದಿಸಿದ ಸುಮಾರು ೩೫೦ ಗಂಟೆಗಳ ಕನ್ನಡ ಧ್ವನಿಯನ್ನು ಸಂಶೋಧಕರಿಗೆ ಮುಕ್ತವಾಗಿ ಒದಗಿಸಿತು. ಅದು ಓದಿದ ಧ್ವನಿ. ಬರೆದುದನ್ನು ಓದುವಾಗ ಯಾವ ಊರಿನವನಾದರೂ ಸ್ವಲ್ಪ ಮಟ್ಟಿಗೆ ಪುಸ್ತಕದ ಭಾಷೆಗೆ ಜಾರುತ್ತಾನೆ. ಅಲ್ಲದೆ ಓದಲು ಬಾರದವರು ಆ ಸಂಗ್ರಹದಿಂದ ತಾವಾಗಿಯೇ ಹೊರಗುಳಿಯುತ್ತಾರೆ. ಅದೇ ಸಂಸ್ಥೆಯಲ್ಲಿ ನಡೆದ 'ರೆಸ್ಪಿನ್' ಯೋಜನೆಯು ಒಂದು ಹೆಜ್ಜೆ ಮುಂದಿಟ್ಟು, ಕನ್ನಡ, ತೆಲುಗು, ಮರಾಠಿಗಳೂ ಸೇರಿದಂತೆ ಒಂಬತ್ತು ಭಾಷೆಗಳ ಪ್ರಾದೇಶಿಕ ಪ್ರಭೇದಗಳಲ್ಲಿಯೇ ಕೃಷಿ ಹಾಗೂ ಹಣಕಾಸಿಗೆ ಸಂಬಂಧಿಸಿದ ವಾಕ್ಯಗಳನ್ನು ರಚಿಸಿ ಓದಿಸಿತು. ಒಟ್ಟು ಸಂಗ್ರಹವು ೧೦,೦೦೦ ಗಂಟೆಗಳನ್ನು ಮೀರಿದೆ. ಮದರಾಸಿನ ಐ.ಐ.ಟಿ.ಯ 'ಎಐ ಫಾರ್ ಭಾರತ್' ತಂಡವು ೨೦೨೪ರಲ್ಲಿ ಪ್ರಕಟಿಸಿದ 'ಇಂಡಿಕ್ ವಾಯ್ಸಸ್' ಸಂಗ್ರಹದಲ್ಲಿ ೨೨ ಭಾಷೆಗಳ, ೧೪೫ ಜಿಲ್ಲೆಗಳ, ೧೬,೨೩೭ ಜನರ ೭,೩೪೮ ಗಂಟೆಗಳ ಧ್ವನಿಯಿದ್ದು, ಅದರ ಬಹುಭಾಗವು ಓದಿದುದಲ್ಲ, ಆಡಿದ ಮಾತು.

ಕಲಬುರಗಿಯ ಮಟ್ಟಿಗೆ ಹೆಚ್ಚು ಮುಖ್ಯವಾದುದು 'ವಾಣಿ' ಎಂಬ ಯೋಜನೆ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅದರ ಆಶ್ರಯದ ಆರ್ಟ್‌ಪಾರ್ಕ್ ಸಂಸ್ಥೆಗಳು ಗೂಗಲ್ ಕಂಪನಿಯ ನೆರವಿನಿಂದ ೨೦೨೨ರಲ್ಲಿ ಇದನ್ನು ಆರಂಭಿಸಿದವು. ಭಾಷೆಯನ್ನು ಮೊದಲು ಗೊತ್ತುಮಾಡಿಕೊಂಡು ಆಡುವವರನ್ನು ಹುಡುಕುವ ಬದಲು, ಜಿಲ್ಲೆಯನ್ನು ಆರಿಸಿಕೊಂಡು ಅಲ್ಲಿಯ ಜನರು ಏನನ್ನು ಆಡುತ್ತಾರೋ ಅದನ್ನು ದಾಖಲಿಸುವುದು ಇದರ ವೈಶಿಷ್ಟ್ಯ. ಫೋನಿನ ಪರದೆಯ ಮೇಲೆ ಚಿತ್ರವೊಂದು ಮೂಡುತ್ತದೆ; ಅದನ್ನು ಕಂಡವರು ತಮಗೆ ತೋಚಿದಂತೆ ತಮ್ಮ ಮಾತಿನಲ್ಲಿ ವರ್ಣಿಸುತ್ತಾರೆ. ಓದಬೇಕಾದ ಅಗತ್ಯವಿಲ್ಲ. ಚಿತ್ರದಲ್ಲಿ ಎತ್ತಿನ ಬಂಡಿಯಿದ್ದರೆ ಅದರ ಒಂದೊಂದು ಭಾಗಕ್ಕೂ ಆ ಊರಿನ ಹೆಸರು ಹೊರಬರುತ್ತದೆ. ಮೊದಲ ಹಂತದ ೮೦ ಜಿಲ್ಲೆಗಳಲ್ಲಿ ಕಲಬುರಗಿಯೂ ಸೇರಿದ್ದು, ಸಂಗ್ರಹದಲ್ಲಿ ಅದಕ್ಕೆ ೨೦೧೪ಕ್ಕಿಂತ ಹಿಂದಿನ 'ಗುಲ್ಬರ್ಗಾ' ಎಂಬ ಹೆಸರೇ ಇದೆ. ಆ ಹಂತದಲ್ಲಿ ಒಟ್ಟು ೮೦,೦೦೦ ಜನರಿಂದ ೫೮ ಭಾಷೆಗಳಲ್ಲಿ ೧೪,೦೦೦ ಗಂಟೆಗಳ ಧ್ವನಿಯು ಸಂಗ್ರಹವಾಯಿತೆಂದು ೨೦೨೪ರಲ್ಲಿ ಪ್ರಕಟಿಸಲಾಯಿತು.

ಈ ಅಂಕಿಗಳನ್ನು ಕಂಡು ಹಿಗ್ಗುವ ಮೊದಲು ಸಣ್ಣದೊಂದು ಭಾಗಾಕಾರವನ್ನು ಮಾಡಿ ನೋಡಬೇಕು. ಸರಾಸರಿ ಒಂದು ಜಿಲ್ಲೆಗೆ ಸಾವಿರ ಜನ, ೧೭೫ ಗಂಟೆ. ೨೫ ಲಕ್ಷಕ್ಕೂ ಹೆಚ್ಚು ಜನರಿರುವ, ಹೊಸ ತಾಲೂಕುಗಳೂ ಸೇರಿ ಹನ್ನೊಂದು ತಾಲೂಕುಗಳುಳ್ಳ ಜಿಲ್ಲೆಯಲ್ಲಿ ತಾಲೂಕಿಗೆ ನೂರು ಜನರೂ ಬರುವುದಿಲ್ಲ. ಆ ನೂರರಲ್ಲಿ ಪೇಟೆಯವರೆಷ್ಟು, ಹಳ್ಳಿಯವರೆಷ್ಟು. ಕಾಲೇಜು ಹುಡುಗರೆಷ್ಟು, ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳೆಷ್ಟು? ಯಾವ ಸಂಗ್ರಹದಲ್ಲಾದರೂ ಸುಲಭವಾಗಿ ಕೈಗೆ ಸಿಗುವವರು ಫೋನು ಬಲ್ಲ ಯುವಕರೇ. ಎಪ್ಪತ್ತು ವರ್ಷದ ಅಜ್ಜಿಯ ಧ್ವನಿಯು ದುರ್ಬಲ, ಹಲ್ಲಿಲ್ಲದ ಬಾಯಿಯ ಉಚ್ಚಾರಣೆ ಬೇರೆ, ಅವಳ ಪದಗಳೂ ಬೇರೆ. ಯಂತ್ರಕ್ಕೆ ಅವಳು ಸಿಗದಿದ್ದರೆ ಅವಳ ವಯಸ್ಸಿನವರಾರನ್ನೂ ಅದು ಸರಿಯಾಗಿ ಕೇಳಲಾರದು. ಧ್ವನಿಸಂಗ್ರಹದ ಕೆಲಸದಲ್ಲಿ ಊರಿನವರೇ ಮುಂದಾಗಬೇಕೆನ್ನುವುದು ಈ ಕಾರಣಕ್ಕಾಗಿ. ಪರಊರಿನ ಸಂಗ್ರಾಹಕನು ಅಗಸಿಯವರೆಗೆ ಬರುತ್ತಾನೆ. ಪಡಸಾಲೆಯೊಳಗೆ ಹೋಗಿ 'ಅಮ್ಮಾ, ಇದರಾಗ ಏನ ಕಾಣಸ್ತದ ಹೇಳು' ಎಂದು ಕೇಳುವ ಸಲಿಗೆ ಊರ ಮಗಳಿಗೆ ಮಾತ್ರವಿರುತ್ತದೆ. ಅಪರಿಚಿತರ ಮುಂದೆ, ಅದರಲ್ಲೂ ಯಂತ್ರದ ಮುಂದೆ, ಜನರು ತಮ್ಮ ಮಾತನ್ನು ಬಿಟ್ಟು ಸಭೆಯ ಭಾಷೆಯನ್ನು ಆಡತೊಡಗುತ್ತಾರೆಂಬುದನ್ನು ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್ ಅವರು ಬಹಳ ಹಿಂದೆಯೇ ಎತ್ತಿ ತೋರಿಸಿದ್ದಾರೆ.

ಜಗತ್ತಿನ ಇನ್ನೊಂದು ತುದಿಯಲ್ಲಿ ಇದೇ ಕಷ್ಟವನ್ನು ಎದುರಿಸಿದವರ ಅನುಭವವು ಇಲ್ಲಿ ಬೆಳಕು ಚೆಲ್ಲುತ್ತದೆ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ನಾಡಿನಲ್ಲಿ ಇಂಕಾ ಅರಸರ ಕಾಲದಿಂದಲೂ ಬಳಕೆಯಲ್ಲಿರುವ ಭಾಷೆ ಕೆಚುವಾ. ಪೆರು ದೇಶವು ೧೯೭೫ರಲ್ಲಿ ಅದನ್ನು ಅಧಿಕೃತ ಭಾಷೆಯೆಂದು ಅಂಗೀಕರಿಸಿತು. ಅಲ್ಲಿಯ ೨೦೧೭ರ ಗಣತಿಯಲ್ಲಿ ಸುಮಾರು ೩೮ ಲಕ್ಷ ಜನರು ಅದನ್ನು ತಾಯಿನುಡಿಯೆಂದು ಬರೆಸಿದ್ದಾರೆ. ಹೀಗಿದ್ದೂ ಯಂತ್ರದ ಲೋಕದಲ್ಲಿ ಅದು ಬಡ ಭಾಷೆ. ಅಲ್ಲಿಯ ಸಂಶೋಧಕರು ಮೊದಲು ಕೈಹಾಕಿದ್ದು ಬಾನುಲಿಗೆ. ದಕ್ಷಿಣ ಪೆರುವಿನ ಬಾನುಲಿ ಕಾರ್ಯಕ್ರಮಗಳ ಸಹಜ ಮಾತುಕತೆಯನ್ನು ಆಯ್ದು, ಆಯಾ ಪ್ರದೇಶದವರಿಂದಲೇ ಬರೆಸಿ, 'ಸಿಮಿಂಚಿಕ್' ಎಂಬ ೯೭ ಗಂಟೆಗಳ ಸಂಗ್ರಹವನ್ನು ೨೦೧೮ರಲ್ಲಿ ಸಿದ್ಧಪಡಿಸಿದರು. ಮುಂದೆ ಸ್ವಯಂಸೇವಕರು ಫೋನಿನಲ್ಲಿ ಮುದ್ರಿಸಿ ಕಳುಹಿಸುವ ವ್ಯವಸ್ಥೆಯಿಂದ 'ಹುಕಾರಿಕ್' ಎಂಬ ಸಂಗ್ರಹವು ಬೆಳೆಯಿತು; ೨೦೨೨ರಲ್ಲಿ ಪ್ರಕಟವಾದಾಗ ಅದರಲ್ಲಿ ಪೆರುವಿನ ನಾಲ್ಕು ಮೂಲನಿವಾಸಿ ಭಾಷೆಗಳ, ಐನೂರಕ್ಕೂ ಹೆಚ್ಚು ಜನರ ೨೨೦ ಗಂಟೆಗಳ ಧ್ವನಿ ಬರಹಸಹಿತವಾಗಿತ್ತು. ೧೯೬೬ರಿಂದ ಪ್ರಸಾರ ಮಾಡುತ್ತಿರುವ ಆಕಾಶವಾಣಿ ಕೇಂದ್ರವಿರುವ ಕಲಬುರಗಿಯ ಜನರಿಗೆ ಪೆರುವಿನ ಮೊದಲ ಹೆಜ್ಜೆಯ ಜಾಣತನವನ್ನು ವಿವರಿಸಿ ಹೇಳಬೇಕಾಗಿಲ್ಲ.

ಆದರೆ ಪೆರುವಿನವರ ನಿಜವಾದ ತೊಡಕು ಧ್ವನಿಯಲ್ಲಿರಲಿಲ್ಲ, ಕಾಗುಣಿತದಲ್ಲಿತ್ತು. ಕೆಚುವಾವನ್ನು ಮೂರು ಸ್ವರಗಳಿಂದ ಬರೆಯಬೇಕೆಂದು ೧೯೮೫ರ ಅಧಿಕೃತ ವರ್ಣಮಾಲೆಯು ಗೊತ್ತುಪಡಿಸಿದರೆ, ಕುಸ್ಕೋ ನಗರದ ಭಾಷಾ ಅಕಾಡೆಮಿಯವರು ಐದು ಸ್ವರಗಳೇ ಸರಿಯೆಂದು ಹಟ ಹಿಡಿದರು. ಒಂದೇ ಮಾತನ್ನು ಇಬ್ಬರು ಎರಡು ಬಗೆಯಾಗಿ ಬರೆದರೆ ಯಂತ್ರವು ಅವುಗಳನ್ನು ಎರಡು ಪದಗಳೆಂದೇ ತಿಳಿಯುತ್ತದೆ. ಕೊನೆಗೆ ಸಿಮಿಂಚಿಕ್‌ನವರು ಏಕೀಕೃತ ಬರವಣಿಗೆಯೊಂದನ್ನು ಒಪ್ಪಿಕೊಂಡು ಮುಂದುವರಿಯಬೇಕಾಯಿತು.

ಈ ಪ್ರಸಂಗವು ಶಿಕ್ಷಕರಿಗೆ ನೇರವಾಗಿ ಸಂಬಂಧಿಸಿದುದು. ಧ್ವನಿಯನ್ನು ಮುದ್ರಿಸುವುದು ಕೆಲಸದ ಸಣ್ಣ ಪಾಲು. ಒಂದು ಗಂಟೆಯ ಧ್ವನಿಯನ್ನು ಕೇಳಿ ಕೇಳಿ ಅಕ್ಷರಕ್ಕಿಳಿಸಲು ನುರಿತವರಿಗೂ ಹಲವು ಗಂಟೆಗಳು ಬೇಕು. 'ಇಂಡಿಕ್ ವಾಯ್ಸಸ್' ಪ್ರಕಟವಾದಾಗ ಅದರ ೭,೩೪೮ ಗಂಟೆಗಳಲ್ಲಿ ಬರಹಕ್ಕಿಳಿದದ್ದು ೧,೬೩೯ ಗಂಟೆ ಮಾತ್ರ. ಬರೆಯುವವರು ಆ ಸೀಮೆಯ ಮಾತನ್ನೂ ಬಲ್ಲವರಾಗಿರಬೇಕು, ಕನ್ನಡದ ಕಾಗುಣಿತವನ್ನೂ ಬಲ್ಲವರಾಗಿರಬೇಕು. ಹಳ್ಳಿಗಾಡಿನಲ್ಲಿ ಈ ಎರಡೂ ಕೂಡಿರುವುದು ಸಾಮಾನ್ಯವಾಗಿ ಶಾಲೆಯ ಶಿಕ್ಷಕರಲ್ಲಿ, ಶಾಲೆ ಕಲಿತು ಹೊರಬಿದ್ದ ತರುಣರಲ್ಲಿ. ಆದರೆ ಶಿಕ್ಷಕರ ಕೈಗೆ ಕೆಂಪು ಶಾಯಿಯ ಅಭ್ಯಾಸವಿದೆ. 'ಮಾಡ್ಲತ್ತಾನ' ಎಂದು ಕೇಳಿದರೂ ಕೈಯು 'ಮಾಡುತ್ತಿದ್ದಾನೆ' ಎಂದು ಬರೆದುಬಿಡುತ್ತದೆ. ವಿದ್ಯಾರ್ಥಿಯ ಪ್ರಬಂಧದಲ್ಲಿ ಇದು ಕರ್ತವ್ಯ, ಧ್ವನಿಸಂಗ್ರಹದಲ್ಲಿ ಇದು ದಾಖಲೆಯ ನಾಶ. ಯಂತ್ರಕ್ಕೆ ಒಂದು ಧ್ವನಿಯನ್ನು ಕೇಳಿಸಿ ಇನ್ನೊಂದು ರೂಪವನ್ನು ಕಲಿಸಿದಂತಾಗುತ್ತದೆ. ಕಲಬುರಗಿಯ ಮಾತನ್ನು ಯಂತ್ರಕ್ಕೆ ಕಲಿಸಲು ಹೊರಟ ಮೇಲೆ ತಿದ್ದುವ ಕೈಯನ್ನು ತಡೆದುಕೊಳ್ಳುವುದೇ ಮೊದಲ ಶಿಸ್ತು.

ಹಾಗೆಂದು ಮನಬಂದಂತೆಯೂ ಬರೆಯುವಂತಿಲ್ಲ. ಒಬ್ಬರು 'ಮಾಡ್ಲತ್ತಾನ' ಎಂದೂ, ಮತ್ತೊಬ್ಬರು 'ಮಾಡಲತ್ತಾನ' ಎಂದೂ, ಮೂರನೆಯವರು 'ಮಾಡ್ಲತ್ಯಾನ' ಎಂದೂ ಬರೆದರೆ ಕುಸ್ಕೋದ ಜಗಳವು ಜೇವರ್ಗಿಗೆ ಬಂದಂತಾಗುತ್ತದೆ. ಕೆಲವು ಉಚ್ಚಾರಣೆಯ ನಿಜವಾದ ಭೇದಗಳು, ಕೆಲವು ಬರೆಯುವವರ ಅಭ್ಯಾಸದ ಭೇದಗಳು ಮಾತ್ರ. ಇವನ್ನು ಬೇರ್ಪಡಿಸಿ, ಮೂರು ತಾಲೂಕುಗಳ ಭಾಷಾ ಶಿಕ್ಷಕರು ಒಂದು ವಾರ ಒಟ್ಟಿಗೆ ಕುಳಿತು ಒಂದು ಚಿಕ್ಕ ನಿಯಮಾವಳಿಯನ್ನು ಒಪ್ಪಿಕೊಂಡರೆ ಅದರ ಬೆಲೆಯು ನೂರಾರು ಗಂಟೆಗಳ ಧ್ವನಿಯ ಬೆಲೆಗೆ ಕಡಿಮೆಯಾಗದು. ಕೆಮ್ಮು, ನಗೆ, ಅರ್ಧಕ್ಕೆ ನಿಂತ ಮಾತು, ಹಿನ್ನೆಲೆಯ ಹಿಟ್ಟಿನ ಗಿರಣಿಯ ಸದ್ದು ಮುಂತಾದವುಗಳಿಗೂ ಗುರುತುಗಳು ಬೇಕಾಗುತ್ತವೆ. ಸದ್ದಿಲ್ಲದ ಕೋಣೆಯಲ್ಲಿ ಕಲಿತ ಯಂತ್ರವು ಸಂತೆಯಲ್ಲಿ ಕಿವುಡಾಗುತ್ತದೆ. ಆದ್ದರಿಂದ ಗದ್ದಲವೂ ದಾಖಲೆಯ ಭಾಗವೇ.

ಈ ಕೆಲಸಕ್ಕೆ ಹಣವು ಎಲ್ಲಿ ತಗಲುತ್ತದೆ ಎಂದು ದಾನಿಗಳು ಕೇಳುವುದು ಸಹಜ. ದುಬಾರಿ ಯಂತ್ರಗಳಿಗಲ್ಲ, ಸಾಧಾರಣ ಫೋನುಗಳಲ್ಲಿ ಮುದ್ರಣವು ಸಾಗುತ್ತದೆ. ವೆಚ್ಚವಾಗಬೇಕಾದುದು ಬರೆಯುವವರ, ಪರಿಶೀಲಿಸುವವರ ಶ್ರಮಕ್ಕೆ ಮತ್ತು ಮಾತನ್ನು ಕೊಟ್ಟವರ ಸಂಭಾವನೆಗೆ. ಬೆಂಗಳೂರಿನಲ್ಲಿ ೨೦೨೧ರಲ್ಲಿ ಸ್ಥಾಪಿತವಾದ 'ಕಾರ್ಯ' ಎಂಬ ಸಂಸ್ಥೆಯು ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಕನ್ನಡ ವಾಕ್ಯಗಳನ್ನು ಓದಿ ಮುದ್ರಿಸಿದವರಿಗೆ ಗಂಟೆಗೆ ಸುಮಾರು ಐದು ಡಾಲರುಗಳಂತೆ ಕೊಟ್ಟಿತಲ್ಲದೆ, ಆ ಧ್ವನಿಯು ಮತ್ತೆ ಮಾರಾಟವಾದರೆ ಅದರಲ್ಲಿಯೂ ಪಾಲು ನೀಡುವ ಪದ್ಧತಿಯನ್ನು ತಂದಿತು. ಮಾತು ಬಿಟ್ಟಿ ಸರಕಲ್ಲವೆಂಬುದನ್ನು ಅದು ಲೆಕ್ಕದಲ್ಲಿ ತೋರಿಸಿಕೊಟ್ಟಿತು.

ಒಡೆತನದ ಪ್ರಶ್ನೆಯು ಇದಕ್ಕಿಂತ ಕಠಿಣವಾದುದು. 'ವಾಣಿ'ಯ ಸಂಗ್ರಹವು ಮುಕ್ತವಾದುದು. ವಿದ್ಯಾರ್ಥಿಯೂ ಬಳಸಬಹುದು, ವಿದೇಶದ ಕಂಪನಿಯೂ ಬಳಸಬಹುದು. ಸಂಶೋಧನೆಯು ಬೆಳೆಯಲು ಇದು ಅನುಕೂಲ. ನ್ಯೂಜಿಲೆಂಡಿನ ಮಾವೊರಿ ಜನರು ಬೇರೆಯೇ ದಾರಿಯನ್ನು ಹಿಡಿದರು. 'ತೆ ಹಿಕು ಮೀಡಿಯಾ' ಎಂಬ ಅವರ ಬಾನುಲಿ ಸಂಸ್ಥೆಯು ೨೦೧೮ರಲ್ಲಿ ಹತ್ತೇ ದಿನಗಳಲ್ಲಿ ಸುಮಾರು ೨,೫೦೦ ಜನರಿಂದ ೩೦೦ಕ್ಕೂ ಹೆಚ್ಚು ಗಂಟೆಗಳ ಧ್ವನಿಯನ್ನು ಕೂಡಿಸಿತು. ಆ ಸಂಗ್ರಹವನ್ನು ಯಾವ ದೊಡ್ಡ ಕಂಪನಿಗೂ ಒಪ್ಪಿಸದೆ, ಸಮುದಾಯದ ಪರವಾಗಿ ಕಾಪುಗಾರರಾಗಿ ತಾವೇ ಇಟ್ಟುಕೊಂಡು, ತಮ್ಮ ಯಂತ್ರವನ್ನು ತಾವೇ ಕಟ್ಟಿಕೊಂಡರು. ಕಲಬುರಗಿಯಂಥ ಜಿಲ್ಲೆಗೆ ಇವೆರಡರಲ್ಲಿ ಮುಕ್ತ ಸಂಗ್ರಹವೇ ಸದ್ಯಕ್ಕೆ ಹೆಚ್ಚು ಲಾಭದಾಯಕವೆನ್ನಬೇಕು. ಯಂತ್ರವನ್ನು ತಾನೇ ಕಟ್ಟಿಕೊಳ್ಳುವ ಶಕ್ತಿಯಿಲ್ಲದ ಕಡೆ ಧ್ವನಿಯನ್ನು ಬೀಗ ಹಾಕಿ ಇಟ್ಟುಕೊಂಡರೆ ಅದು ಯಾರ ಉಪಯೋಗಕ್ಕೂ ಬಾರದು. ಆದರೆ ಮಾತು ಕೊಟ್ಟವರಿಗೆ ಅದು ಎಲ್ಲಿಗೆ ಹೋಗುತ್ತದೆಂಬುದನ್ನು ಅವರ ಮಾತಿನಲ್ಲಿಯೇ ತಿಳಿಸಿ ಒಪ್ಪಿಗೆಯನ್ನು ಪಡೆಯುವುದು ಅವಶ್ಯ. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಹದಿನೆಂಟು ವರ್ಷದೊಳಗಿನವರ ವಿಷಯದಲ್ಲಿ ಪಾಲಕರ ಒಪ್ಪಿಗೆಯನ್ನು ಕಡ್ಡಾಯಗೊಳಿಸುತ್ತದೆ. ಶಾಲೆಗಳು ಉತ್ಸಾಹದಿಂದ ಮಕ್ಕಳ ಧ್ವನಿಯನ್ನು ಮುದ್ರಿಸತೊಡಗುವ ಮುನ್ನ ಇದನ್ನು ಗಮನಿಸತಕ್ಕದ್ದು.

ಕೊನೆಯದಾಗಿ ಲಂಬಾಣಿಯ ವಿಷಯ. ಆಳಂದ, ಜೇವರ್ಗಿಗಳ ತಾಂಡಾಗಳಲ್ಲಿ ಮನೆಮಾತಾದ ಇದನ್ನು ೨೦೧೧ರ ಜನಗಣತಿಯಲ್ಲಿ ದೇಶದಾದ್ಯಂತ ೩೨.೭೬ ಲಕ್ಷ ಜನರು ಲಂಬಾಡಿ ಅಥವಾ ಲಮಾಣಿ ಎಂಬ ಹೆಸರಿನಿಂದ ಬರೆಸಿದ್ದಾರೆ. ಗಣತಿಯ ವರ್ಗೀಕರಣವು ಅವರೆಲ್ಲರನ್ನೂ ಹಿಂದಿಯ ಲೆಕ್ಕಕ್ಕೆ ಸೇರಿಸಿದೆ. ಸ್ವಂತ ಲಿಪಿಯ ಪರಂಪರೆಯಿಲ್ಲದ ಈ ನುಡಿಯನ್ನು ಕರ್ನಾಟಕದಲ್ಲಿ ಕನ್ನಡದಿಂದ, ಮಹಾರಾಷ್ಟ್ರದಲ್ಲಿ ದೇವನಾಗರಿಯಿಂದ, ತೆಲಂಗಾಣದಲ್ಲಿ ತೆಲುಗಿನಿಂದ ಬರೆಯುತ್ತಾರೆ. ಈ ಲಿಪಿಗಳೆಲ್ಲ ಒಂದೇ ಬಗೆಯ ವರ್ಣಮಾಲೆಯನ್ನು ಅನುಸರಿಸುವುದರಿಂದ, ಆಳಂದದಲ್ಲಿ ಕನ್ನಡ ಲಿಪಿಯಲ್ಲಿ ಬರೆದದ್ದನ್ನು ಸೊಲ್ಲಾಪುರದ ದೇವನಾಗರಿ ಬರಹದೊಡನೆ ಕೂಡಿಸುವುದು ಗಣಕಯಂತ್ರಕ್ಕೆ ಕಷ್ಟದ ಕೆಲಸವೇನಲ್ಲ. ಕಷ್ಟವಿರುವುದು ಧ್ವನಿಯಿಂದ ಮೊದಲ ಸಾಲನ್ನು ಬರೆಯುವುದರಲ್ಲಿ. ಪೇಟೆಯ ಕನ್ನಡಿಗನಿಗೆ ಲಂಬಾಣಿ ತಿಳಿಯದು. ತಾಂಡಾದ ಹಿರಿಯರಲ್ಲಿ ಅನೇಕರಿಗೆ ಬರಹ ತಿಳಿಯದು. ಎರಡನ್ನೂ ಬಲ್ಲವರು, ತಾಂಡಾದಿಂದ ಬಂದು ಈ ಭಾಗದ ಶಾಲೆಗಳಲ್ಲಿ ಕನ್ನಡ ಕಲಿತು ಹೋದ ಹುಡುಗ ಹುಡುಗಿಯರು. ಅವರಲ್ಲಿ ಹಲವರು ಇಂದು ಸೊಲ್ಲಾಪುರ, ಪುಣೆ, ಬೆಂಗಳೂರುಗಳಲ್ಲಿ ಉದ್ಯೋಗದಲ್ಲಿದ್ದಾರೆ. ಹಬ್ಬಕ್ಕೆ ಊರಿಗೆ ಬರುತ್ತಾರೆ, ಅಜ್ಜಿಯೊಡನೆ ಮನೆಮಾತನ್ನೇ ಆಡುತ್ತಾರೆ.